ಎರೆಯ ನೆಲದಲ್ಲಿ ಶಿವಸ್ತುತಿ



ಅಮರೇಶ್ವರನ ಊರಾದ ಔರಾದದ ಸುತ್ತಣ ಎರೆಯ ಹೊಲಗಳನ್ನು ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನೋಡಬೇಕು. ಹೂವುದುರಿಸಿ ಕಾಯಿ ಹಿಡಿದ ತೊಗರಿ, ಎದೆಯೆತ್ತರ ನಿಂತ ಬಿಳಿಜೋಳ, ನೆಲಕ್ಕಂಟಿ ಹಸುರಾದ ಕಡಲೆ. ಬೀಳುಭೂಮಿಯ ಹುಲ್ಲಿನಲ್ಲಿ ಜಿಗಿದು ಮರೆಯಾಗುವ ಕೃಷ್ಣಮೃಗ. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ ಗೋದಾವರಿಯನ್ನು ಅರಸಿ ಹೊರಟ ಮಾಂಜ್ರಾ ನದಿ. ಇದನ್ನು ಕಂಡ ಕಣ್ಣು ತಣಿಯುವುದು ಸಹಜವೇ ಸರಿ. ಆದರೆ ಕಣ್ಣು ತಣಿದ ಮಾತ್ರಕ್ಕೆ ಅದು ಸ್ತುತಿಯಾಯಿತೆ?

ಅಕ್ಕಮಹಾದೇವಿಯವರು ವನದಲ್ಲಿ ಗಿಳಿಯನ್ನೂ ಕೋಗಿಲೆಯನ್ನೂ ಮಾತನಾಡಿಸಿದರು. ಅವುಗಳ ಚೆಲುವನ್ನು ಬಣ್ಣಿಸುವುದಕ್ಕಲ್ಲ, ತಮ್ಮ ಚೆನ್ನಮಲ್ಲಿಕಾರ್ಜುನನ ಸುದ್ದಿ ಕೇಳುವುದಕ್ಕೆ. ಸೃಷ್ಟಿಯು ಅವರಿಗೆ ಬೀಡಲ್ಲ, ಹಾದಿ. ನೀರನ್ನು ಕಂಡಲ್ಲೆಲ್ಲ ಮುಳುಗಿ ಮರವನ್ನು ಕಂಡಲ್ಲೆಲ್ಲ ಸುತ್ತುವ ಭಕ್ತಿಯನ್ನು ಬಸವಣ್ಣನವರು ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಬತ್ತುವ ನೀರು, ಒಣಗುವ ಮರ ದೇವರಲ್ಲ. ಅವನ್ನು ಕೊಟ್ಟವನು ದೇವರು.

ಈ ಸೀಮೆಯವರು ಬತ್ತುವ ನೀರನ್ನು ಬಲ್ಲರು. 1972ರ ಬರವನ್ನು ಇಲ್ಲಿಯ ಹಿರಿಯರು ಇಂದಿಗೂ ಮರೆತಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ, ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದು ಸಾವಿರಾರು ಜನ ಮಡಿದರು. ಅದೂ ಇಂಥದೇ ಕರಿಯ ನೆಲ. ಹಸುರನ್ನು ಕಂಡು ಹಾಡುವ ನಾಲಗೆ ಅಂದು ಏನನ್ನು ಹಾಡಬೇಕಿತ್ತು? ಈ ಪ್ರಶ್ನೆಯನ್ನು ಕೇಳಿದವನನ್ನು ನಾಸ್ತಿಕನೆಂದು ಗದರಿಸುವುದು ತರವಲ್ಲ. ಅಳುವವನ ಮುಂದೆ ಸೃಷ್ಟಿಸೌಂದರ್ಯದ ಉಪನ್ಯಾಸ ಮಾಡುವುದಂತೂ ಕ್ರೌರ್ಯವೇ ಆದೀತು.

ಜೇಡರ ದಾಸಿಮಯ್ಯನವರು ತೋರಿದ ದಾರಿ ನನಗೆ ಹೆಚ್ಚು ಗಟ್ಟಿಯಾದುದೆಂದು ತೋರುತ್ತದೆ. ನೆಲ, ಬೆಳೆ, ಸುಳಿದು ಬೀಸುವ ಗಾಳಿ ಇವೆಲ್ಲವನ್ನೂ ಅವರು ಶಿವನ ದಾನವೆಂದರು. ಉಂಡು ಅನ್ಯರನ್ನು ಹೊಗಳುವವರನ್ನು ಕಟುವಾಗಿ ನಿಂದಿಸಿದರು. ದಾನವೆಂದ ಮೇಲೆ ಅದು ನಮಗೆ ಸಲ್ಲಬೇಕಾದ ಬಾಕಿಯಲ್ಲ. ಸುಗ್ಗಿಯ ವರ್ಷ ನಾವು ಗಳಿಸಿದೆವೆಂದು ಬೀಗಿ, ಬರದ ವರ್ಷ ದೇವರು ಕಸಿದನೆಂದು ಬೈಯುವವನಿಗೆ ಎರಡು ಸಲವೂ ದಾನದ ಅರಿವಿಲ್ಲ. ಹಸಿದವನು ಬಿಕ್ಕಿದರೂ ಶಿವನು ಕೇಳುತ್ತಾನೆ. ಉಂಡವನು ಮೌನವಾಗಿದ್ದರೆ ಅದಕ್ಕೆ ಲೆಕ್ಕ ಕೊಡಬೇಕು.

ಆ ಲೆಕ್ಕವು ಬಾಯಿಮಾತಿನಿಂದ ತೀರುವಂಥದಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದ ಮಾರಯ್ಯನವರು ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮನವರು ಆ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಕಳುಹಿಸಿದರಷ್ಟೆ. ಬೇಕಾದಷ್ಟನ್ನೇ ಕೊಳ್ಳುವುದೂ ಕೊಟ್ಟವನ ಸ್ತುತಿಯೇ. ಎಳ್ಳ ಅಮಾವಾಸ್ಯೆಯಂದು ಭಜ್ಜಿ, ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುವ ನಮ್ಮ ತಾಯಂದಿರು, ತಾವು ಉಣ್ಣುವ ಮೊದಲು ಚರಗ ಚೆಲ್ಲುತ್ತಾರೆ. ಹಕ್ಕಿಗೂ ಇರುವೆಗೂ ಅದರಲ್ಲಿ ಪಾಲುಂಟು. ಬಂಧುಬಳಗದವರು, ದಾರಿಹೋಕರು ಆ ದಿನ ಯಾರ ಹೊಲದಲ್ಲಾದರೂ ಕುಳಿತು ಉಣ್ಣಬಹುದು.

ಇಂದು ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲಿವೆ. ಒಬ್ಬನ ಬಾವಿ ಆಳವಾದಂತೆ ಪಕ್ಕದವನ ಬಾವಿ ಬರಿದಾಗುತ್ತದೆ. ನೆಲದೊಳಗಿನ ನೀರೂ ಆ ದಾನದ ಭಾಗವೇ ಅಲ್ಲವೆ? ಪಕ್ಕದ ಹೊಲದ ಜೋಳ ಬಾಡುವುದನ್ನು ಕಂಡು, ಕೇಳಿಸಿಕೊಳ್ಳದೆಯೇ ಒಂದು ಸರದಿಯ ನೀರನ್ನು ಅತ್ತ ತಿರುಗಿಸುವ ಒಕ್ಕಲಿಗನು, ವಿಭೂತಿ ಧರಿಸಿ ನಾವು ಗುಡಿಯಲ್ಲಿ ಮಾಡುವ ಸ್ತುತಿಯನ್ನು ಗುದ್ದಲಿ ಹಿಡಿದು ಬದುವಿನ ಮೇಲೆಯೇ ಮಾಡುತ್ತಿರುತ್ತಾನೆ.