ಮಧ್ಯಾಹ್ನದ ವಿಶ್ರಾಂತಿಯೂ ಕಾಯಕ ಧರ್ಮವೂ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಭಕ್ತರಲ್ಲಿ ಅನೇಕರು ಒಕ್ಕಲುತನ ಹಾಗೂ ಅಡತ ವ್ಯಾಪಾರ ನಡೆಸುವವರು. ಅವರ ಕೈಕೆಳಗೆ ಗುಮಾಸ್ತರು, ಹಮಾಲರು, ಸಂಬಳದ ಆಳುಗಳು ದುಡಿಯುತ್ತಾರೆ. ಇಂಥವರು ಊಟವಾದ ಮೇಲೆ ಅರ್ಧ ತಾಸು ಕಣ್ಣು ಮುಚ್ಚಿದರೆ ಅದು ಮಾಲಕರಿಗೆ ಬಗೆದ ಮೋಸವೇ? ಕಾಯಕವನ್ನು ಪೂಜೆಯೆಂದು ನಂಬಿದ ನಾವು ಈ ಪ್ರಶ್ನೆಯನ್ನು ಹಗುರಾಗಿ ಕಾಣುವಂತಿಲ್ಲ.

"ಪಗಾರ ಕೊಡುವುದು ದುಡಿಮೆಗೆ, ನಿದ್ದೆಗಲ್ಲ" ಎಂಬುದು ಮಾಲಕರ ಮಾತು. ಮೇಲ್ನೋಟಕ್ಕೆ ಅದು ನ್ಯಾಯವೇ. ಆದರೆ ವೈಶಾಖದ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಮಾಲಕರು ಗಾದಿಯ ಮೇಲೆ ಲೋಡಿಗೆ ಒರಗುತ್ತಾರೆ. ನಮ್ಮದು ವಿಶ್ರಾಂತಿ, ಆಳಿನದು ಮೈಗಳ್ಳತನ ಎಂದರೆ ಒಂದೇ ತಕ್ಕಡಿಗೆ ಎರಡು ಬಗೆಯ ಕಲ್ಲು ಇಟ್ಟಂತಾಗುತ್ತದೆ.

ನಮ್ಮ ರೈತರು ಮಧ್ಯಾಹ್ನ ಎತ್ತುಗಳ ನೊಗ ಇಳಿಸಿ ನೆರಳಿಗೆ ಕಟ್ಟುತ್ತಾರೆ. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡದ ಮನೆತನಗಳು ಇಂದಿಗೂ ಇವೆ. ಮೂಕಪ್ರಾಣಿಗೆ ತೋರುವ ಈ ದಯೆ ಮನುಷ್ಯನಿಗೆ ಬಂದಾಗ ಲೆಕ್ಕದ ಮಾತಾಗುವುದೇಕೆ?

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿಸಲು ಹೇಳಿದರೆಂಬ ಕಥೆ ನಮಗೆಲ್ಲ ಗೊತ್ತು. ಈ ನೀತಿ ಅಕ್ಕಿಗೆ ಮಾತ್ರವಲ್ಲ, ದುಡಿಯುವ ದೇಹಕ್ಕೂ ಸಲ್ಲುತ್ತದೆ. ದೇಹ ಕೊಡಬಲ್ಲದ್ದಕ್ಕಿಂತ ಹೆಚ್ಚು ಹಿಂಡಿದರೆ ಅದೂ ನಮ್ಮದಲ್ಲದ್ದನ್ನು ಮನೆಗೆ ತಂದಂತೆಯೇ ಸರಿ.

ಇನ್ನು ವ್ಯವಹಾರದ ಮಾತು. ಸತತ 5 ತಾಸಿಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಅಮೆರಿಕದ ನಾಸಾ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ಹಾರಾಟದ ನಡುವೆ ಸರದಿಯಂತೆ 40 ನಿಮಿಷ ಬಿಡುವು ಪಡೆದ ವಿಮಾನ ಚಾಲಕರು ಸರಾಸರಿ 26 ನಿಮಿಷ ಮಲಗಿದರು. ಬಿಡುವಿಲ್ಲದವರಿಗಿಂತ ಹೆಚ್ಚು ಎಚ್ಚರದಿಂದ ಕೆಲಸ ಮಾಡಿದರು. ತೂಕಡಿಸುವ ಗುಮಾಸ್ತ ಕೀರ್ದಿಯಲ್ಲಿ ಒಂದು ಸೊನ್ನೆ ಬಿಟ್ಟರೆ ಹಣದ ಹಾನಿ. ತೂಕಡಿಸುವ ಆಳಿನ ಕೈ ರಾಶಿ ಯಂತ್ರಕ್ಕೆ ಸಿಕ್ಕರೆ ಅದನ್ನು ಯಾವ ಹಣವೂ ತುಂಬಿಕೊಡದು.

"ಎಲ್ಲರೂ ಮಲಗಿದರೆ ಗಿರಾಕಿಗೆ ಯಾರು?" ಎಂಬ ಕಾಳಜಿ ಸಹಜ. ಅದಕ್ಕೆ ಸರದಿಯೇ ಉಪಾಯ. ಬಾಗಿಲ ಹಿಂದೆ ಒಂದು ಚಾಪೆ, ಒಂದು ಕೊಡ ನೀರು, ಗೊತ್ತುಪಡಿಸಿದ ಅರ್ಧ ತಾಸು ಇಷ್ಟೇ ಸಾಕು. ಇದಕ್ಕಾಗಿ ಪಗಾರ ಕಡಿಯುವುದು ಸಲ್ಲದು.

ದುಡಿಯುವವರಿಗೂ ಒಂದು ಮಾತು. ಕೊಟ್ಟ ಅರ್ಧ ತಾಸು ಒಂದು ತಾಸಾಗಬಾರದು. ಗೋದಾಮಿನ ಮೂಟೆಗಳ ಮರೆಯಲ್ಲಿ ಕದ್ದು ಮಲಗುವುದು ಕಾಯಕಕ್ಕೆ ಕುಂದು. ಮಾಲಕರು ತಾವಾಗಿ ಬಿಡುವು ಕೊಟ್ಟಲ್ಲಿ ಕದಿಯುವ ಪ್ರಸಂಗವೂ ಬಾರದು.

ಭಕ್ತರು ಬರುವ ಬೇಸಿಗೆಗೆ ಮೊದಲೇ ತಮ್ಮ ಅಂಗಡಿ, ಹೊಲಗಳಲ್ಲಿ ಈ ಏರ್ಪಾಡು ಮಾಡಬೇಕೆಂದು ವಿನಂತಿಸುತ್ತೇವೆ.



— ಕಾರ್ಯದರ್ಶಿ, ಶ್ರೀಮಠ