ದಾಸೋಹವೂ ಶಿಶುವಿನ ಸ್ಥಾನವೂ

ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ. ದಾನದಲ್ಲಿ ಕೊಡುವವನು ಮೇಲಿರುತ್ತಾನೆ, ಕೊಳ್ಳುವವನು ಕೆಳಗಿರುತ್ತಾನೆ. ಕೊಟ್ಟ ವಸ್ತುವಿನೊಡನೆ ಕೊಟ್ಟವನ ಹೆಸರೂ ಕೊಂಡವನ ಹೆಗಲೇರುತ್ತದೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ತಾನು ಕೊಟ್ಟುದು ತನ್ನದಲ್ಲವೆಂದೂ, ಯಾರಿಗೆ ಸಲ್ಲಬೇಕಾಗಿತ್ತೋ ಅವರಿಗೇ ಸಂದಿತೆಂದೂ ಅವನು ತಿಳಿದಿರಬೇಕು. ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನು ಅನ್ನದ ವಿಷಯದಲ್ಲಿ ಆಚರಿಸಿ ತೋರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಮಠಗಳು ಅದನ್ನು ವಿದ್ಯೆಗೂ ವಿಸ್ತರಿಸಿದುವು. ಬಡ ವಿದ್ಯಾರ್ಥಿಗಳಿಗಾಗಿ ತೆರೆದ ಉಚಿತ ವಸತಿಗೃಹಗಳಿಗೆ ‘ಪ್ರಸಾದ ನಿಲಯ’ವೆಂದು ಹೆಸರಿಟ್ಟುದು ವಿಚಾರಪೂರ್ವಕವಾದ ಕಾರ್ಯವಾಗಿತ್ತು. ಅಲ್ಲಿ ಉಂಡ ಹುಡುಗನು ಭಿಕ್ಷಾನ್ನವನ್ನು ಉಣ್ಣಲಿಲ್ಲ, ಪ್ರಸಾದವನ್ನು ಸ್ವೀಕರಿಸಿದನು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು 2019ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಯಿಸಿದುದನ್ನು ನಾಡು ಬಲ್ಲದು.

ಆದರೆ ಪ್ರಸಾದ ನಿಲಯಗಳಿಗೆ ಬಂದವರು ಹಳ್ಳಿಯನ್ನು ಬಿಟ್ಟು, ತಾಯಿಯನ್ನು ಬಿಟ್ಟು ಇರಬಲ್ಲಷ್ಟು ಬೆಳೆದ ಬಾಲಕರು. ಮೂರು ವರ್ಷದ ಶಿಶುವು ಹಾಗೆ ಬರಲಾರದು. ಅದರ ಪಾಠಶಾಲೆಯು ತಾಯಿಯ ಮನೆಗೆ ಕೂಗಳತೆಯಲ್ಲಿರಬೇಕು. ಮಠದ ಬಾಗಿಲು ಎಷ್ಟೇ ವಿಶಾಲವಾಗಿದ್ದರೂ ಆ ಶಿಶುವಿಗೆ ಅದು ದೂರವೇ. ಈ ವಯಸ್ಸಿನ ಮಕ್ಕಳಿಗೆ ಉಚಿತವಾದ ಒಂದು ಸ್ಥಾನವು ನೆರೆಯ ಶಾಲೆಯಲ್ಲಿ ದೊರೆಯಬೇಕೆಂದಾಗ ಅದು ದಾನವೆ, ದಾಸೋಹವೆ ಎಂಬ ಪ್ರಶ್ನೆಯು ಹೊಸದಾಗಿ ಏಳುತ್ತದೆ.

ಶಾಸನದ ನಿಲುವನ್ನು ಮೊದಲು ನೋಡತಕ್ಕದ್ದು. 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಆರರ ಕೆಳಗಿನವರ ವಿಷಯದಲ್ಲಿ ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂದಷ್ಟೇ ಹೇಳಿ ಬಿಟ್ಟಿತು. ಹಕ್ಕಿಗೂ ಪ್ರಯತ್ನಕ್ಕೂ ಇರುವ ಅಂತರವು ಬಡವನ ಮಗುವಿಗೆ ಮೂರು ವರ್ಷಗಳ ಅಂತರವಾಯಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 12ನೆಯ ಪ್ರಕರಣದಲ್ಲಿ ಮಾತ್ರ ಒಂದು ಕಿಂಡಿ ತೆರೆಯಿತು. ಅನುದಾನರಹಿತ ಖಾಸಗಿ ಶಾಲೆಗಳು 1ನೆಯ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಹಾಗೂ ಅವಕಾಶವಂಚಿತ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಶಾಲೆಯು ಶಿಶುವರ್ಗವನ್ನೂ ನಡೆಯಿಸುತ್ತಿದ್ದರೆ ಅಲ್ಲಿಯ ಪ್ರವೇಶಕ್ಕೂ ಇದೇ ನಿಯಮವು ಅನ್ವಯಿಸುವುದು. ಸರಕಾರವು ಒಂದು ಮಗುವಿಗೆ ತಾನು ಮಾಡುವ ವೆಚ್ಚ ಅಥವಾ ಶಾಲೆಯ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಶಾಲೆಗೆ ತುಂಬಿಕೊಡುವುದು.

ಹಕ್ಕೆಂದು ಕಾಯಿದೆಯು ಹೇಳಿದುದನ್ನು ಪಡೆಯಹೋದ ತಾಯಿತಂದೆಗಳಿಗೆ ಅದು ಹಕ್ಕಿನಂತೆ ಕಾಣಲಿಲ್ಲ. ಕೂಲಿಯನ್ನು ಬಿಟ್ಟು ನಾಡಕಚೇರಿಯಲ್ಲಿ ವರಮಾನದ ಪತ್ರಕ್ಕಾಗಿ ನಿಲ್ಲಬೇಕು, ಜಾತಿಯ ಪತ್ರಕ್ಕಾಗಿ ಮತ್ತೊಮ್ಮೆ ನಿಲ್ಲಬೇಕು, ವಾಸಸ್ಥಳಕ್ಕೆ ಪುರಾವೆ ತೋರಿಸಬೇಕು, ಗಣಕಯಂತ್ರದ ಅಂಗಡಿಯಲ್ಲಿ ಅರ್ಜಿ ತುಂಬಿಸಬೇಕು, ಅನಂತರ ಲಾಟರಿಯಲ್ಲಿ ಹೆಸರು ಬರುವುದೋ ಇಲ್ಲವೋ ಎಂದು ಕಾಯಬೇಕು. ಬಾಡಿಗೆಯ ಕೋಣೆಯಲ್ಲಿರುವ ವಲಸೆಗಾರನಿಗೆ ವಾಸಸ್ಥಳದ ಪುರಾವೆಯೇ ಇರುವುದಿಲ್ಲ. ಎಲ್ಲವನ್ನೂ ದಾಟಿ ಹೋದ ಮೇಲೂ ಪುಸ್ತಕಕ್ಕೆಂದು, ಸಮವಸ್ತ್ರಕ್ಕೆಂದು, ವಾಹನಕ್ಕೆಂದು ಹಣ ಕೇಳುವ ಶಾಲೆಗಳುಂಟು. ಬಡತನವನ್ನು ಅನುಭವಿಸಿದರೆ ಸಾಲದು, ಅದನ್ನು ಮುದ್ರೆಯೊತ್ತಿಸಿ ತಂದು ತೋರಿಸಲೂ ಬೇಕು. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆಂದು ಒಳಗೆ ಕರೆಯಬೇಕೆಂಬುದು ಬಸವಣ್ಣನವರ ಮಹಾಮನೆಯ ರೀತಿ. ಇಲ್ಲಿ ಮೂರು ವರ್ಷದ ಮಗುವು ಯಾರದೆಂಬ ಪ್ರಶ್ನೆಗೆ ನಾಲ್ಕು ಕಾಗದಗಳಲ್ಲಿ ಉತ್ತರ ಹೇಳಬೇಕಾಗಿದೆ.

ಕಾಗದಗಳೇ ಬೇಡವೆಂದರೂ ಆಗದು. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೇ ಸಾಕ್ಷಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು ಅದನ್ನು ಮನೆಯಲ್ಲಿ ಇರಗೊಡದೆ ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಉಚಿತ ಸ್ಥಾನಕ್ಕಾಗಿ ಇಲ್ಲದ ಬಡತನವನ್ನು ಪತ್ರದಲ್ಲಿ ಬರೆಯಿಸಿಕೊಂಡು ಬರುವ ಸ್ಥಿತಿವಂತರು ಎಲ್ಲೆಡೆಯೂ ಇದ್ದಾರೆ. ಅವರು ಕೊಂಡೊಯ್ಯುವುದು ಸರಕಾರದ ಹಣವನ್ನಲ್ಲ. ಪಕ್ಕದ ಕೇರಿಯ ಇನ್ನೊಂದು ಶಿಶುವಿನ ಪಾಲನ್ನು. ಶರಣಧರ್ಮವು ಕೊಡುವವನಿಗೆ ವಿನಯವನ್ನು ವಿಧಿಸಿದಂತೆಯೇ ಕೊಳ್ಳುವವನಿಗೆ ಮಿತಿಯನ್ನೂ ವಿಧಿಸಿದೆ. ಆದರೆ ಲಕ್ಕಮ್ಮನು ಎಚ್ಚರಿಸಿದುದು ತನ್ನ ಗಂಡನನ್ನು. ನೆರೆಮನೆಯವರ ಅಕ್ಕಿಯನ್ನು ಅಳೆಯಲು ಅವಳು ಹೋಗಲಿಲ್ಲ. ಕೆಲವರ ಕಪಟವನ್ನು ತಡೆಯುವ ನೆಪದಲ್ಲಿ ಎಲ್ಲರನ್ನೂ ಅಪರಾಧಿಗಳಂತೆ ನಿಲ್ಲಿಸುವುದಕ್ಕೆ ಅವಳ ನಡೆಯಲ್ಲಿ ಆಧಾರವಿಲ್ಲ.

ಬಡವರು ಈ ಸ್ಥಾನಗಳನ್ನು ಬಯಸುವುದು ಇಂಗ್ಲಿಷಿನ ಮೋಹದಿಂದ ಎಂದು ಹಳಿಯುವವರೂ ಉಂಟು. ಹಾಗೆ ಹಳಿಯುವವರ ಮಕ್ಕಳು ಬಹುಮಟ್ಟಿಗೆ ಅದೇ ಶಾಲೆಗಳಲ್ಲಿ ಓದುತ್ತಿರುವುದರಿಂದ ಆ ಮಾತಿಗೆ ಇಲ್ಲಿ ಉತ್ತರ ಬೇಕಾಗಿಲ್ಲ.

ಇನ್ನು ಹೆಚ್ಚು ಕಠಿನವಾದ ಪ್ರಶ್ನೆಯು ಕರ್ನಾಟಕದಲ್ಲಿ 2019ರಲ್ಲಿ ಎದುರಾಯಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯು ಈ ಸ್ಥಾನಗಳನ್ನು ಕೊಡಬೇಕಾಗಿಲ್ಲವೆಂದು ರಾಜ್ಯವು ತನ್ನ ನಿಯಮವನ್ನು ತಿದ್ದಿತು. ರಾಜ್ಯದ ಉಚ್ಚ ನ್ಯಾಯಾಲಯವು ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಇಂಥದೇ ತಿದ್ದುಪಡಿಯನ್ನು ಮಹಾರಾಷ್ಟ್ರವು ಮಾಡಿದಾಗ ಮುಂಬಯಿಯ ಉಚ್ಚ ನ್ಯಾಯಾಲಯವು 2024ರಲ್ಲಿ ರದ್ದುಪಡಿಸಿತು. ಸರಕಾರಿ ಶಾಲೆಗಳು ಇರುವಾಗ ಖಾಸಗಿಯವರಿಗೆ ಹಣ ತೆತ್ತು ಮಕ್ಕಳನ್ನು ಕಳುಹಿಸಿದರೆ ಸರಕಾರಿ ಶಾಲೆಗಳು ಬರಿದಾಗುವುವು ಎಂಬುದು ರಾಜ್ಯದ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ನಾಲ್ವರಲ್ಲಿ ಒಬ್ಬನಿಗೆ ಲಾಟರಿಯಿಂದ ಬಾಗಿಲು ತೆರೆದು ಉಳಿದ ಬಡ ಮಕ್ಕಳನ್ನು ಮರೆತುಬಿಡುವುದು ಧರ್ಮವಾಗಲಾರದು.

ಶಿಶುಗಳ ಮಟ್ಟಿಗೆ ನೆರೆಯ ಸರಕಾರಿ ಶಾಲೆಯೆಂದರೆ ಬಹುತೇಕ ಅಂಗನವಾಡಿಯೇ. ಈ ಹೆಸರಿನ ಹಿಂದೆ ತಾರಾಬಾಯಿ ಮೋಡಕರ ಸಾಧನೆಯಿದೆ. 1945ರಲ್ಲಿ ಬೋರ್ಡಿಯಲ್ಲಿ ಕಾರ್ಯಾರಂಭ ಮಾಡಿದ ಅವರು, ಮಗುವು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂಬ ತತ್ತ್ವವನ್ನು ನಡೆಯಲ್ಲಿ ತಂದರು. ವಚನಸಾಹಿತ್ಯವನ್ನು ಬಲ್ಲವರಿಗೆ ಇದು ಸ್ಥಾವರವು ಜಂಗಮವಾದ ಪರಿಯಂತೆ ತೋರದಿರದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಂದಿನಿಂದ ಹಳ್ಳಿಹಳ್ಳಿಯ ಶಿಶುವಿಗೆ ಉಚಿತವಾದ ಸ್ಥಾನವೊಂದು ಅರ್ಜಿಯಿಲ್ಲದೆ, ಲಾಟರಿಯಿಲ್ಲದೆ ದೊರೆಯುತ್ತ ಬಂದಿದೆ. ಆದರೆ ಅಲ್ಲಿಯ ಕಾರ್ಯಕರ್ತೆಯು ಒಬ್ಬಳೇ ಆಹಾರ ಹಂಚಬೇಕು, ಮಕ್ಕಳನ್ನು ತೂಗಬೇಕು, ಗರ್ಭಿಣಿ ಬಾಣಂತಿಯರನ್ನು ವಿಚಾರಿಸಬೇಕು, ಚುಚ್ಚುಮದ್ದಿಗೆ ಜನರನ್ನು ಕರೆತರಬೇಕು, ಇವೆಲ್ಲದರ ನಡುವೆ ಪಾಠವನ್ನೂ ಹೇಳಬೇಕು. ಅವಳನ್ನು ಈ ಸ್ಥಿತಿಯಲ್ಲಿರಿಸಿ, ನೆರೆಯಲ್ಲಿ ಸ್ಥಾನವಿದೆಯಲ್ಲವೆ ಎಂದು ಬಡವನನ್ನು ಕೇಳುವುದು ಬರಿದಾದ ಪರಿಯಾಣವನ್ನು ಮುಂದಿಟ್ಟು ಉಣ್ಣೆಂದಂತೆಯೇ ಸರಿ.

ಅಂಗನವಾಡಿಯು ಎಷ್ಟು ಉತ್ತಮವಾದರೂ ಇನ್ನೊಂದು ಕೊರತೆಯು ಉಳಿಯುತ್ತದೆ. ದಾಸೋಹವು ಹಸಿವನ್ನು ತಣಿಸುವುದಷ್ಟೇ ಆಗಿದ್ದರೆ ಕಲ್ಯಾಣದಲ್ಲಿ ಕ್ರಾಂತಿಯಾಗುತ್ತಿರಲಿಲ್ಲ. ಅಲ್ಲಿ ಜನರನ್ನು ಕೆರಳಿಸಿದುದು ಸಹಪಂಕ್ತಿ. ಮಾದಾರನೂ ಮಡಿವಾಳನೂ ಮಂತ್ರಿಯೂ ಒಂದೇ ಸಾಲಿನಲ್ಲಿ ಕುಳಿತುದು. ಕಾಯಿದೆಯ 12ನೆಯ ಪ್ರಕರಣವು, ತಿಳಿದೋ ತಿಳಿಯದೆಯೋ, ಈ ಸಾಲನ್ನು ಶಿಶುವರ್ಗಕ್ಕೆ ತಂದಿತ್ತು. ಒಡೆಯನ ಮಗುವೂ ಅದೇ ಮನೆಯಲ್ಲಿ ಮುಸುರೆ ತಿಕ್ಕುವವಳ ಮಗುವೂ ಒಂದೇ ಚಾಪೆಯ ಮೇಲೆ ಕುಳಿತು ಅದೇ ಮಣಿಗಳನ್ನು ಎಣಿಸಬೇಕೆಂಬುದು ಅದರ ಫಲ. ಮೂರು ವರ್ಷದಲ್ಲಿ ಮಕ್ಕಳಿಗೆ ಮೇಲು ಕೀಳು ತಿಳಿಯದು. ಆ ಎಳೆಯ ವಯಸ್ಸಿನಲ್ಲಿ ಜೊತೆಗೂಡದಿದ್ದವರನ್ನು ಹದಿನೈದರಲ್ಲಿ ಜೊತೆಗೂಡಿಸಹೋದರೆ ಉಪನ್ಯಾಸಗಳು ಬೇಕಾಗುತ್ತವೆ.

ಈ ಹೊಣೆಯಿಂದ ಬಿಡುಗಡೆ ಪಡೆದ ಶಾಲೆಗಳು ಅನೇಕ. ಅಲ್ಪಸಂಖ್ಯಾತರ ಅನುದಾನರಹಿತ ಶಾಲೆಗಳನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೊರಗಿಟ್ಟಿತು. 2014ರಲ್ಲಿ ಅವರ ಎಲ್ಲ ಶಾಲೆಗಳಿಗೂ ಕಾಯಿದೆಯು ಅನ್ವಯಿಸದೆಂದಿತು. ಕರ್ನಾಟಕದ 2019ರ ತಿದ್ದುಪಡಿಯಿಂದ ಉಳಿದ ಬಹುಪಾಲು ಖಾಸಗಿ ಶಾಲೆಗಳ ಭಾರವೂ ಇಳಿಯಿತು. ಹೀಗೆ ಭಾರವಿಳಿದ ಶಾಲೆಗಳಲ್ಲಿ ಬಸವಾದಿ ಪ್ರಮಥರ ಹೆಸರನ್ನು ಹೊತ್ತವುಗಳೂ, ವೀರಶೈವ ಸಮಾಜದ ಸಂಸ್ಥೆಗಳು ನಡೆಯಿಸುವವುಗಳೂ ಇರುವುವು. ಕಾಯಿದೆಯು ಬಲವಂತಪಡಿಸಿದಾಗ ಕೊಟ್ಟುದು ಕಂದಾಯವಾಯಿತೇ ಹೊರತು ದಾಸೋಹವಾಗಲಿಲ್ಲ. ಬಲವಂತವು ಹೋದ ಮೇಲೆ ಶಿಶುವರ್ಗದಲ್ಲಿ ಆ ಕಾಲುಭಾಗದ ಸ್ಥಾನಗಳನ್ನು ಮುಂದುವರಿಸಿದ ಸಂಸ್ಥೆಯೇ ದಾಸೋಹಕ್ಕೆ ತೊಡಗಿದುದು. ಸರಕಾರವು ತುಂಬಿಕೊಡುತ್ತಿದ್ದ ಹಣ ಬಾರದೆ ಹೇಗೆ ನಡೆಯುವುದೆಂದು ಆಡಳಿತ ಮಂಡಳಿಗಳು ಕೇಳಬಹುದು. ಉತ್ಸವಗಳಿಗೂ ಹೆಬ್ಬಾಗಿಲುಗಳಿಗೂ ಹಣವು ಒದಗಿಬರುವ ರೀತಿಯನ್ನು ಬಲ್ಲವರಿಗೆ ಆ ಪ್ರಶ್ನೆಯು ಅಷ್ಟು ಕಠಿನವಲ್ಲ.

ಕೊಡುವ ರೀತಿಯೂ ಕೊಡುವಿಕೆಯಷ್ಟೇ ಮುಖ್ಯ. ಉಚಿತ ಸ್ಥಾನದ ಮಕ್ಕಳ ಹೆಸರನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಓದಬಾರದು. ದಾತೃಗಳ ಪಕ್ಕದಲ್ಲಿ ಅವರನ್ನು ನಿಲ್ಲಿಸಿ ಭಾವಚಿತ್ರ ತೆಗೆಯಬಾರದು. ಸಮವಸ್ತ್ರವೂ ಪುಸ್ತಕವೂ ಉಳಿದ ಮಕ್ಕಳಿಗೆ ಕೈಸೇರುವ ದಿನವೇ, ಅದೇ ಕೈಯಿಂದ, ಅವರಿಗೂ ಸೇರಬೇಕು. ಯಾವ ಮಗುವಿನ ಶುಲ್ಕ ಯಾರು ಕೊಟ್ಟರೆಂಬುದು ತರಗತಿಯ ಶಿಕ್ಷಕಿಗೂ ತಿಳಿಯಬೇಕಾಗಿಲ್ಲ. ಮತ್ತು ತಾಯಿಯು ಅರ್ಜಿ ಹಿಡಿದು ಬರಲೆಂದು ಕಾಯಬೇಕಾಗಿಯೂ ಇಲ್ಲ. ಶಾಲೆಯ ಸುತ್ತಲಿನ ಕೇರಿಗಳಲ್ಲಿ ಮೂರು ತುಂಬಿದ ಮಕ್ಕಳು ಎಷ್ಟಿರುವರೆಂಬುದು ಅಲ್ಲಿಯ ಅಂಗನವಾಡಿಯ ದಾಖಲೆಯಲ್ಲಿರುತ್ತದೆ. ಶಾಲೆಯ ಗುಮಾಸ್ತನು ಬೇಸಿಗೆಯ ರಜೆಯಲ್ಲಿ ಎರಡು ಮೂರು ದಿನ ಆ ಕೇರಿಗಳಲ್ಲಿ ತಿರುಗಿದರೆ ಜೂನ್ ತಿಂಗಳ ಹೊತ್ತಿಗೆ ಹೆಸರುಗಳು ಹಾಜರಿಪುಸ್ತಕದಲ್ಲಿರುವುವು.