ಕರವೂ ದಾರಿಯೂ

ದಾರಿ ಕೆಟ್ಟಿರುವಾಗ ಕರವನ್ನು ಕೊಡತಕ್ಕದ್ದೋ ಬಿಡತಕ್ಕದ್ದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬರಿಯ ವ್ಯವಹಾರಕ್ಕೆ ಸೇರಿದ್ದಾಗಿ ತೋರಿದರೂ, ವಿಚಾರಮಾಡಿ ನೋಡಿದಲ್ಲಿ ಧರ್ಮಕ್ಕೆ ಸಂಬಂಧಪಟ್ಟದ್ದೇ ಆಗಿರುವುದು. ನಾನು ಇದನ್ನು ತರ್ಕಕುತೂಹಲದಿಂದ ಎತ್ತಿಕೊಂಡವನಲ್ಲ. ಈ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪು ನಡೆದುಹೋಯಿತು. ಅದನ್ನು ವಾಚಕರ ಮುಂದಿಡುವುದಕ್ಕೆ ಮೊದಲು ಹಿರಿಯರು ಕರವನ್ನು ಹೇಗೆ ಕಂಡಿದ್ದರೆಂಬುದನ್ನು ಸ್ವಲ್ಪ ಹೇಳುತ್ತೇನೆ.

ಪಾಠಶಾಲೆಯಲ್ಲಿ ರಘುವಂಶದ ಮೊದಲನೆಯ ಸರ್ಗವನ್ನು ಬಾಯಿಪಾಠ ಮಾಡಿದವರೆಲ್ಲರೂ ಬಲ್ಲರು: ದಿಲೀಪನು ಪ್ರಜೆಗಳಿಂದ ಕರವನ್ನು ಕೊಂಡುದಕ್ಕೆ ಕಾಳಿದಾಸನು ಸೂರ್ಯನು ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುವುದನ್ನು ಉಪಮಾನವಾಗಿ ಕೊಟ್ಟಿದ್ದಾನೆ. ಉಪಮೆಯು ರಮ್ಯವಾದುದೇ ಸರಿ. ಆದರೆ ಬಾಲ್ಯದಲ್ಲಿ ನಮಗೆ ಹೊಳೆಯದಿದ್ದ ಸಂಗತಿಯೊಂದು ಅದರಲ್ಲಿ ಅಡಗಿದೆ. ಯಾವ ಕೆರೆಯಿಂದ ನೀರು ಮೇಲೆ ಹೋಯಿತೋ ಅದೇ ಕೆರೆಗೆ ಮಳೆ ಬೀಳಬೇಕೆಂಬ ಕರಾರು ಸೂರ್ಯನಿಗಿಲ್ಲವಷ್ಟೆ. ಕೊಟ್ಟವನು ತನ್ನ ಬಾಗಿಲಿಗೇ ಪ್ರತಿಫಲ ಬರಲಿಲ್ಲವೆಂದು ಜಗಳವಾಡುವಂತಿಲ್ಲ.

ಕೌಟಿಲ್ಯನು ಕವಿಯಲ್ಲವಾದುದರಿಂದ ಇನ್ನೂ ಬಿಗಿಯಾಗಿ ಮಾತಾಡುತ್ತಾನೆ. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ದೊರೆತ ಓಲೆಗರಿಯಿಂದ 1909ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದಲ್ಲಿ, ಗ್ರಾಮಕ್ಕೆ ಹೋಗುವ ದಾರಿಯ ಅಗಲ ಎಂಟು ದಂಡ ಎಂದು ಅಳತೆ ಹೇಳಿದೆ. ಗಡಿಯ ಅಂತಪಾಲನು ಸರಕಿನ ಹೇರಿಗೆ ಒಂದೂಕಾಲು ಪಣ ವರ್ತನಿ, ಅಂದರೆ ದಾರಿಯ ಸುಂಕ, ತೆಗೆದುಕೊಳ್ಳತಕ್ಕದ್ದು. ಸರಕು ಕಳೆದುಹೋದರೂ ಕಳುವಾದರೂ ಅವನೇ ತುಂಬಿಕೊಡತಕ್ಕದ್ದು. ಈಗಿನ ಟೋಲ್ ಕಟ್ಟೆಗಳಲ್ಲಿ ಈ ಎರಡನೆಯ ವಾಕ್ಯವನ್ನು ಯಾರೂ ಬರೆದು ತೂಗುಹಾಕಿದ್ದನ್ನು ನಾನು ಕಾಣೆ. ಅದಿರಲಿ, ಸುಂಕಕ್ಕೂ ಕರಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುವುದು. ಸುಂಕವು ಕ್ರಯ, ಕೊಟ್ಟಷ್ಟನ್ನು ಕೇಳಬಹುದು. ಕರವು ಪಾಲು.

ನಮ್ಮ ಕಾಲದಲ್ಲಿ ಈ ಎರಡೂ ಬೆರೆತುಹೋಗಿವೆ. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಗ್ಯಾಲನ್ನಿಗೆ 2 ಆಣೆ ಹೆಚ್ಚಾಗಿ ವಿಧಿಸಿ ಆ ಹಣವನ್ನು ರಸ್ತೆಗಳಿಗೇ ಮೀಸಲಿಟ್ಟರು. 2000ದಲ್ಲಿ ಕೇಂದ್ರ ರಸ್ತೆ ನಿಧಿಗೆ ಶಾಸನವೇ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯೂ ಹೊರಟಿತು. ಆ ಯೋಜನೆಯ ದಾರಿಯನ್ನು ಐದು ವರ್ಷ ಕಾಪಾಡುವ ಹೊಣೆ ಕಟ್ಟಿದ ಗುತ್ತಿಗೆದಾರನದು, ಕಾಪಾಡುವ ಹಣ ರಾಜ್ಯದ್ದು. ಹೀಗೆ ಒಂದು ದಾರಿಯನ್ನು ಕಟ್ಟಿ ಕಾಯುವವನೊಬ್ಬ, ಕಾಯಲು ಹಣ ಕೊಡುವವನು ಮತ್ತೊಬ್ಬ. ಮನೆಗಂದಾಯವೆಂದು ನಾವು ಪಂಚಾಯತಿಗೆ ಕಟ್ಟುವುದು ಬೇರೆಯೇ ಒಂದು ತೊರೆ. ಈ ಭೇದವನ್ನು ತಿಳಿಯದೆ ನಾನು ಎಡವಿದೆ.

ನಮ್ಮ ಬೀದಿಯ ಕೊನೆಯಲ್ಲಿ ಸಂತೆಗೆ ತಿರುಗುವ ರಸ್ತೆ ಒಡೆದು ಎರಡು ಮಳೆಗಾಲಗಳು ಕಳೆದಿದ್ದುವು. ಕೇಳಿ ಕೇಳಿ ಬೇಸತ್ತು, ದಾರಿ ಸರಿಯಾಗುವವರೆಗೆ ಕಂದಾಯ ಕೊಡುವುದಿಲ್ಲವೆಂದು ನಿಶ್ಚಯಿಸಿದೆ. ಮೇಷ್ಟ್ರೇ ಕೊಡದಿರುವಾಗ ನಾವೇಕೆ ಕೊಡಬೇಕೆಂದು ಬೀದಿಯ ಹತ್ತಾರು ಮನೆಗಳವರೂ ಕೈ ಬಿಗಿಹಿಡಿದರು. ನನಗೆ ಒಳಗೊಳಗೆ ಹೆಮ್ಮೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ರಸ್ತೆ ಪಂಚಾಯತಿಯದೇ ಅಲ್ಲ, ಮೇಲಿನ ಬೇರೊಂದು ಕಚೇರಿಗೆ ಸೇರಿದ್ದು. ನಮ್ಮ ಕಂದಾಯದಿಂದ ಪಂಚಾಯತಿಯವರು ಕೊಡುತ್ತಿದ್ದುದು ಚರಂಡಿ ಎತ್ತುವವರ ಕೂಲಿಯನ್ನು. ಕೂಲಿ ನಿಂತಿತು, ಚರಂಡಿ ಕಟ್ಟಿತು, ನೀರು ರಸ್ತೆಯ ಮೇಲೆ ನಿಂತಿತು. ರಸ್ತೆಗೆ ನೀರೇ ಮೃತ್ಯು. ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಜಲ್ಲಿಮಣ್ಣನ್ನು ಮೆತ್ತಗೆ ಮಾಡುತ್ತದೆ. ಮೇಲೆ ಚಕ್ರ ಹಾಯ್ದಾಗಲೆಲ್ಲ ಕೆಸರು ಚಿಮ್ಮಿ ಒಳಗೆ ಟೊಳ್ಳಾಗುತ್ತದೆ. ಒಂದು ದಿನ ಟಾರು ಕುಸಿಯುತ್ತದೆ. ನಮ್ಮ ಹಠವೇ ಅಂಗೈಯಗಲದ ಕುಳಿಯನ್ನು ಮೊಣಕಾಲುದ್ದ ಮಾಡಿತು. ಹಾಲು ಹಾಕುವ ಹುಡುಗನು ಒಂದು ನಸುಕಿನಲ್ಲಿ ಸೈಕಲ್ಲಿನ ಸಮೇತ ಅದರಲ್ಲಿ ಬಿದ್ದು ಮುಂಗೈ ಮುರಿದುಕೊಂಡನು.

ಕಟ್ಟದೆ ಉಳಿಸಿದ್ದ ಕಂದಾಯದ ಹಣ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು. ಅದನ್ನು ಹುಡುಗನ ತಾಯಿಗೆ ಕೊಡಹೋದೆ. ಆಕೆ, ಇದು ಯಾತರ ದುಡ್ಡು ಸ್ವಾಮಿ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಕರನಿರಾಕರಣೆಯೇ ಅಧರ್ಮವೆಂದು ಇದರಿಂದ ನಾನು ಹೇಳುತ್ತಿಲ್ಲ. 1930ರ ಬಳಿಕ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು ಭೂಕಂದಾಯವನ್ನು ನಿರಾಕರಿಸಿ ಹೊಲಮನೆಗಳನ್ನು ಕಳೆದುಕೊಂಡರು. ಅಮೆರಿಕಾ ದೇಶದ ಥೋರೋ ತಲೆಗಂದಾಯವನ್ನು ಕೊಡದೆ 1846ರಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದನು. ಆದರೆ ರಸ್ತೆಯ ಕರವನ್ನು ಮಾತ್ರ ತಾನೆಂದೂ ನಿರಾಕರಿಸಲಿಲ್ಲವೆಂದು ಅವನೇ ಬರೆದಿದ್ದಾನೆ, ಏಕೆಂದರೆ ಅದು ನೆರೆಹೊರೆಗೆ ಸಲ್ಲತಕ್ಕದ್ದು. ಈ ಮಾತನ್ನು ಎಂದೋ ಓದಿ ಮರೆತಿದ್ದೆ. ಅವರು ನಿರಾಕರಿಸಿ ನಷ್ಟವನ್ನು ತಾವು ಹೊತ್ತರು. ನಾನು ಹಣವನ್ನೂ ಇಟ್ಟುಕೊಂಡೆ, ನಷ್ಟವನ್ನು ಹುಡುಗನಿಗೆ ಹೊರಿಸಿದೆ.

ಹಾಗೆಂದು ಪಡೆಯುವವರ ಕಡೆ ಅನ್ಯಾಯವಿಲ್ಲವೆ? ಇದೆ. 1958ರಿಂದ 1960ರ ವರೆಗೆ ಅಮೆರಿಕಾದ ಇಲಿನಾಯ್ ಪ್ರಾಂತದಲ್ಲಿ ಲಾರಿಗಳನ್ನು ಓಡಿಸಿ ಪರೀಕ್ಷಿಸಿದವರು ಕಂಡುಕೊಂಡಂತೆ, ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು ಹದಿನಾರು ಮಡಿಯಾಗುವುದು. ಮಿತಿಮೀರಿ ಕಲ್ಲು ಹೇರಿಕೊಂಡು ಹೋಗುವ ಲಾರಿಯು ಹದಿನಾರು ಮಡಿ ಕರವನ್ನು ಕೊಡುತ್ತಿಲ್ಲ. ಸಾಬೂನು ಕೊಳ್ಳುವಾಗ ತೆರಿಗೆ ತೆರುವ ಬಡವಿಯೂ ಆ ಸವೆತದ ಪಾಲನ್ನು ಹೊರುತ್ತಾಳೆ. ಇನ್ನು, ಹೊಸ ರಸ್ತೆಗೆ ಗುದ್ದಲಿಪೂಜೆಯೂ ಹೆಸರು ಕೆತ್ತಿದ ಕಲ್ಲೂ ಉಂಟು. ಕುಳಿ ಮುಚ್ಚಿದವನಿಗೆ ಕಲ್ಲಿಲ್ಲ. ನಮ್ಮ ನಾಡಿನ ಎಷ್ಟೋ ದಾನಶಾಸನಗಳು ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನದೆಂಬ ಮಾತಿನಿಂದ ಮುಗಿಯುತ್ತವೆ. ಶಂಕುಸ್ಥಾಪನೆಯ ಕಲ್ಲು ಕೆತ್ತಿಸುವವರು ಆ ಹಳೆಯ ಕಲ್ಲುಗಳನ್ನು ಓದಿದಂತೆ ತೋರುವುದಿಲ್ಲ.

ಬಾಕಿಯನ್ನು ದಂಡಸಹಿತ ಕಟ್ಟಿದೆ. ರಸೀದಿ ಬರೆದವನು ನನ್ನ ಹಳೆಯ ಶಿಷ್ಯನೇ, ತಲೆಯೆತ್ತದೆ ಬರೆದುಕೊಟ್ಟನು. ಬೀದಿಯವರ ಮನೆಮನೆಗೂ ಹೋಗಿ, ನಾನು ತಪ್ಪು ಹೇಳಿದ್ದೆನೆಂದು ತಿಳಿಸಿದೆ. ಇಬ್ಬರು ನಕ್ಕರು, ಉಳಿದವರು ಕಟ್ಟಿದರು. ಚರಂಡಿ ಈಗ ಹರಿಯುತ್ತಿದೆ. ಕುಳಿ ಮಾತ್ರ ಇದ್ದಲ್ಲಿಯೇ ಇದೆ. ಮೇಲಿನ ಕಚೇರಿಗೆ ಮೂರನೆಯ ಅರ್ಜಿಯನ್ನು ಕಳುಹಿಸಿದ್ದೇನೆ. ಈ ಸಲ ಹುಡುಗನ ತಾಯಿಯೂ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ.